ಸಡಿಲ ಮುಚ್ಚಳ

ಮಗಳನ್ನು ಮಣ್ಣು ಮಾಡಿ ನೇರವಾಗಿ ಕಬ್ಬಿಣಾಂಶದ ಮಾತ್ರೆಗಳ ಕಾರ್ಖಾನೆಗೆ ನುಗ್ಗಿದ ಈರಯ್ಯ, ಮಾಲೀಕ ಗುರುಪಾದಪ್ಪನವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ.

"ಎರಡು ವರ್ಷದ ಕೂಸು ತಿರುವಿದ್ರ ತೆರೀತೈತಿ ನಿನ್ನ ಬಾಟ್ಲಿ! ಪೆಪ್ಪರಮಿಂಟು ಅಂತ ಎಲ್ಲಾ ನುಂಗಿ ಸತ್ತಳು. ಒತ್ತಿ ತಿರುವೋ ಮುಚ್ಚಳಾನ ಹಾಕಬೇಕಂತ ನಿಯಮ ಇದ್ದಿಲ್ಲೇನು?"

"ಇತ್ತು."

ಈರಯ್ಯ ಬಾಯಿಗೆ ಗುದ್ದಿದ. ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು.

"ಮತ್ಯಾಕ ಹಾಕಲಿಲ್ಲ?"

"ಮುದುಕರ ಕೈಗೆ ಅದು ತೆರಿಯಂಗಿಲ್ಲ ಅಂತ..."

"ನನ್ನ ಹೆಂಡ್ತಿ ಇಲ್ಲೇ ಆಫೀಸಿನ್ಯಾಗ ದುಡೀತಾಳ. ನಿಮ್ಮನ್ನ ನಂಬಿ ಬಾಟ್ಲಿ ಮನೀಗೆ ತಂದ್ಳು. ಈ ಮುಚ್ಚಳ ಆರಿಸಿದಾವ ಯಾರು? ಹೆಸರು ಹೇಳು, ಅವನ ಜೀವಾ ತಗೀತೀನಿ!"

"ನಾನೇ," ಎಂದರು ಗುರುಪಾದಪ್ಪ.

ಆಮೇಲೆ ಬಿದ್ದ ಏಟುಗಳಿಗೆ ಅವರು ಕೈ ಅಡ್ಡ ತರಲಿಲ್ಲ. ಕಾವಲುಗಾರರು ಓಡಿ ಬಂದು ಈರಯ್ಯನನ್ನು ಹೊರಗೆ ಎಳೆದೊಯ್ದರು. ಮ್ಯಾನೇಜರ್ ಪೊಲೀಸರಿಗೆ ಫೋನ್ ಮಾಡಹೋದಾಗ ಗುರುಪಾದಪ್ಪ ರಕ್ತ ಉಗುಳಿ ಅವನ ಕೈ ಹಿಡಿದರು.

"ಬ್ಯಾಡಪಾ. ಪೊಲೀಸ್ರು ಬಂದ್ರ ವಿಚಾರಣೆ ಆಗತೈತಿ. ಆ ಮುಚ್ಚಳ ಆರಿಸಿದಾಕಿ ತನ್ನ ಹೆಂಡ್ತೀನೇ ಅಂತ ಅವಂಗ ಗೊತ್ತಾಗಿಬಿಡತೈತಿ."