ಗೆರೆ ಬೀಳದ ಗೋಡೆ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಾನಾಗಿ ಹತ್ತಿರದ ಗೋಡೆಯನ್ನು ಸವರುತ್ತದೆ.

ಚಿಕ್ಕಮಗಳೂರಿನ ಹೊರಗೆ, ವಸ್ತಾರೆಗೆ ಹೋಗುವ ದಾರಿಯಲ್ಲಿ, ಎಸ್ಟೇಟಿನ ಬಿಳಿ ದೊರೆಗೆ ಬಂಗಲೆ ಏಳುತ್ತಿತ್ತು. ಅಪ್ಪ ಅಲ್ಲಿ ಗಾರೆ ಕೆಲಸದವರು. ಅವ್ವ ಸುಣ್ಣಕ್ಕೆ ಬೆಲ್ಲದ ನೀರು, ಮೊಟ್ಟೆಯ ಬಿಳಿ ಹಾಕಿ ಬೆಣ್ಣೆಯ ಹಾಗೆ ಅರೆದು ಕೊಡುತ್ತಿದ್ದಳು. ಅಪ್ಪ ಅದನ್ನು ಗೋಡೆಗೆ ಬಳಿದು, ಹೊಳೆಯಿಂದ ತಂದ ನುಣುಪು ಕಲ್ಲಿನಿಂದ ಕನ್ನಡಿಯಂತಾಗುವವರೆಗೆ ಉಜ್ಜುತ್ತಿದ್ದರು. ಒಂದು ಗೋಡೆಯನ್ನು ಒಂದೇ ದಿನ ಮುಗಿಸಬೇಕಿತ್ತು. ನಡುವೆ ಬಿಟ್ಟರೆ, ಮರುದಿನ ಸೇರಿಸಿದ ಕಡೆ ಗೆರೆ ಉಳಿದುಬಿಡುತ್ತಿತ್ತು.

ಆ ಮಧ್ಯಾಹ್ನ ಹಜಾರದ ಗೋಡೆ ಅರ್ಧವಾಗಿತ್ತು. ಬಿದಿರಿನ ಸಾರವೆಯ ಹಗ್ಗ ಬಿಚ್ಚಿಕೊಂಡು, ಅದರ ಮೇಲೆ ನಿಂತಿದ್ದ ಅಪ್ಪ ಕೆಳಗಿನ ಕಲ್ಲುರಾಶಿಗೆ ಬಿದ್ದರು. ನಾಲ್ಕು ಜನ ಎತ್ತಿ ಎತ್ತಿನ ಗಾಡಿಯಲ್ಲಿ ಮಲಗಿಸಿದರು. ಅವ್ವ ಗಾಡಿ ಹತ್ತಲು ಹೋದಳು.

“ನೀ ಬರ್ಬೇಡ,” ಎಂದರು ಅಪ್ಪ. “ಗೋಡೆ ಒಣಗ್ತದೆ ಮಾರಾಯ್ತಿ. ಮುಗ್ಸು.”

“ಆಸ್ಪತ್ರೆಗೆ ನಾ ಹೋಗ್ತೀನಿ ತಂಗಿ,” ಎಂದು ಮೇಸ್ತ್ರಿ ಗಾಡಿ ಹತ್ತಿದರು.

ಅವ್ವ ಸೆರಗು ಬಿಗಿದು ಅಪ್ಪನ ಕಲ್ಲನ್ನು ಎತ್ತಿಕೊಂಡಳು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಕಲ್ಲು ಗೋಡೆಗೆ ಉಜ್ಜುವ ಸದ್ದು ಸಂಜೆಯವರೆಗೂ ಒಂದೇ ಸಮನೆ ಕೇಳುತ್ತಿತ್ತು.

ಗೋಡೆ ಮುಗಿಯುವ ಹೊತ್ತಿಗೆ ಮೇಸ್ತ್ರಿ ಒಬ್ಬರೇ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಅವ್ವ ಕಲ್ಲನ್ನು ತೊಳೆದು ಇಟ್ಟಳು.

ನಾನು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಸವರುತ್ತ ಹೋದೆ. ಅಪ್ಪ ಎಲ್ಲಿಗೆ ನಿಲ್ಲಿಸಿದ್ದರೋ ತಿಳಿಯಲೇ ಇಲ್ಲ.