ತಾಮ್ರದ ಮನೆತನ

ಭೂಮಿಯೊಳಗಿನ ತಾಮ್ರ ಮುಗಿದ ಮೇಲೆ, ಮೈಯಲ್ಲಿ ತಾಮ್ರ ಕಟ್ಟುವ ರೋಗಕ್ಕೆ ಯಾರೂ ಔಷಧಿ ಕೊಡಿಸುತ್ತಿರಲಿಲ್ಲ. ಇಂದುಮತಿಯ ಗಂಡನೂ ಹಾಗೇ ಸತ್ತ. ಅವನ ಲಿವರ್‌ನಿಂದ ತೆಗೆದ ತಾಮ್ರದಿಂದ ಎಳೆದ ತಂತಿಯಲ್ಲೇ ಮನೆಗೆ ಕರೆಂಟು ಬಂತು. ಆ ದೀಪದ ಕೆಳಗೆ ಇವತ್ತು ಅತ್ತೆ ಮೊಮ್ಮಗಳ ರೆಪ್ಪೆ ಅಗಲಿಸಿ, ಕಣ್ಣಲ್ಲಿ ರೋಗದ ಕಂದು ಉಂಗುರ ಮೂಡಿದೆಯೇ ಎಂದು ಹುಡುಕಿದರು.

“ಏನೂ ಇಲ್ಲ ಕಣೇ. ನಿನ್ನ ಹಾಗೇ ಬರೀ ವಾಹಕಿ. ಇವಳ ಮೈಯಲ್ಲಿ ತಾಮ್ರ ನಿಲ್ಲಲ್ಲ, ರೋಗಾನ ಮಕ್ಕಳಿಗೆ ದಾಟಿಸ್ತಾಳೆ ಅಷ್ಟೇ.”

ಮಗಳು ಉಳಿದಳು. ಇಂದುಮತಿಗೆ ಹೋದ ಜೀವ ಬಂದಂತಾಯಿತು. ಅವಳ ಕಣ್ಣು ತುಂಬಿದ್ದು ಕಂಡು ಅತ್ತೆ ತಲೆ ಸವರಿದರು.

“ಬೇಜಾರು ಮಾಡ್ಕೋಬೇಡ. ನಿನ್ನ ತಮ್ಮನೂ ವಾಹಕನೇ ಅಲ್ವಾ? ಸೋದರಮಾವ ಇರುವಾಗ ಬೇರೆ ಗಂಡು ಯಾಕೆ ಹುಡುಕೋದು? ದೊಡ್ಡವಳಾಗಲಿ, ಅವನಿಗೇ ಕೊಡೋಣ. ಹುಟ್ಟೋ ಮಕ್ಕಳಲ್ಲಿ ಒಂದಾದರೂ ನನ್ನ ಮಗನ ಹಾಗೆ ಬರುತ್ತೆ.”