ಮುಟ್ಟುವ ಮೊದಲು

ಕುದುರೆಯ ಜೀನಿನ ಚರ್ಮಕ್ಕೆ ಹಚ್ಚುವ ಎಣ್ಣೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಇಂದಿಗೂ ನಾನು ಆ ಲಾಯಕ್ಕೇ ಹೋಗಿ ನಿಲ್ಲುತ್ತೇನೆ.

ಅಪ್ಪ ಪೊಲೀಸ್ ಕುದುರೆ ಪಡೆಯಲ್ಲಿ ಸವಾರರಾಗಿದ್ದರು. ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ವಿದ್ಯಾರಣ್ಯಪುರಂನ ಮನೆಯಿಂದ ನನ್ನನ್ನೂ ಲಾಯಕ್ಕೆ ಕರೆದೊಯ್ದರು. ಕುದುರೆಯನ್ನು ಮುಟ್ಟುವ ಮೊದಲು ಪ್ರತಿ ಸಲವೂ ದೂರದಿಂದಲೇ ಮೆತ್ತಗೆ, “ಬಂದೆ ಕಣೋ ರಾಜ, ನಾನೇ ಕಣೋ” ಎನ್ನುತ್ತಿದ್ದರು. ಮನೆಗೆ ಅವರು ಬಂದದ್ದು ನಮಗೆ ತಿಳಿಯುತ್ತಿದ್ದುದು ಬೂಟಿನ ಸದ್ದಿನಿಂದ ಮಾತ್ರ.

ನನಗೆ ಹೊಟ್ಟೆ ಉರಿಯಿತು. ರಾಜನ ಬಾಲ ಎಳೆಯಬೇಕೆಂದು ಹಿಂದಿನಿಂದ ಸದ್ದಿಲ್ಲದೆ ಹೋದೆ. ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಕುದುರೆಯ ಒದೆ ಗೋಡೆಗೆ ಬಿತ್ತು.

“ಹೇಳ್ದೆ ಕೇಳ್ದೆ ಹಿಂದಿಂದ ಹೋದ್ರೆ ಒದ್ದುಬುಡ್ತಾನೆ ಕಣಮ್ಮ!”

“ನೀವು ನನ್ನ ಹತ್ರ ಹಂಗೇ ಬರ್ತೀರಲ್ಲ?”

“ನೀನು ಒದೆಯಲ್ವಲ್ಲ,” ಎಂದರು. ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಮರುದಿನ ಸಂಜೆ ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಬೂಟಿನ ಸದ್ದು ಹೊಸ್ತಿಲ ಬಳಿಯೇ ನಿಂತಿತು.

“ಬಂದೆ ಕಣಮ್ಮ,” ಎಂದರು ಅಪ್ಪ. ಆಮೇಲೆ ಒಳಗೆ ಬಂದು ನನ್ನ ಜಡೆ ಮುಟ್ಟಿದರು.

ರಾಜನಿಗೆ ಹೇಳುವಷ್ಟು ಮೆತ್ತಗೆ ಮಾತ್ರ ಹೇಳಲಿಲ್ಲ.